ಒಂದೇ ಹೊಟ್ಟೆಯ ಎರಡು ಬೆನ್ನು

ಅಣ್ಣಾ,

ಇವತ್ತು ಮಿರಜಕ್ಕೆ ಹೋಗಿ ಬಂದೆ. ಬಂದವಳೇ ಕೈಕಾಲು ತೊಳೆದುಕೊಂಡು, ಬೆನ್ನಿಗೆ ದಿಂಬು ಕೊಟ್ಟು ಮಂಚದ ಮೇಲೆ ಕೂತಿದ್ದೇನೆ. ಒಲೆ ಇನ್ನೂ ಹಚ್ಚಿಲ್ಲ. ಮಕ್ಕಳು ಓಣಿಯಲ್ಲಿ ಆಡುತ್ತಿದ್ದಾರೆ, ಅವರಪ್ಪ ಕುಪವಾಡದ ವರ್ಕ್‌ಶಾಪಿನಿಂದ ಬರಲು ಇನ್ನೂ ಹೊತ್ತಿದೆ. ದಣಿದಿದ್ದೇನೆ, ಮಲಗಬಹುದಿತ್ತು. ಆದರೆ ಮಲಗಿದರೆ ಏಳುವಾಗ ಎಷ್ಟು ಕಷ್ಟವೆಂದು ನಿನಗೆ ಹೇಳಬೇಕೇ? ಅದಕ್ಕೇ ಬರೆಯಲು ಕೂತೆ. ಕನ್ನಡ ಬರೆದು ಬಹಳ ವರ್ಷವಾಯಿತು, ಅಕ್ಷರಗಳು ಸೊಟ್ಟಗಾಗುತ್ತಿವೆ. ಮರಾಠಿ ಮಾತಿನ ಓಣಿಗೆಲ್ಲ ನೀನು ದಾದಾ ಆಗಿದ್ದೆ. ಅಣ್ಣಾ ಎಂದು ಕರೆಯುತ್ತಿದ್ದವಳು ನಾನೊಬ್ಬಳೇ. ಈಗ ಆ ಶಬ್ದವನ್ನು ಯಾರಿಗೆ...

ಗಿರಣಿಯ ಹಿಂದಿನ ಬಯಲಿನಲ್ಲಿ ನೀನು ವಾಲಿಬಾಲ್ ಆಡುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ಅಥಣಿ ಕಡೆಯ ಊರು ಬಿಟ್ಟು ನಾವು ಮಾಧವನಗರಕ್ಕೆ ಬಂದ ಹೊಸತು. ಆಗ ಈ ಭಾಗದಲ್ಲಿ ಎಲ್ಲಿ ಹೋದರೂ ಸಹಕಾರದ್ದೇ ಮಾತು. ಸಕ್ಕರೆ ಕಾರ್ಖಾನೆ ಸಹಕಾರಿ, ಹಾಲಿನ ಡೇರಿ ಸಹಕಾರಿ, ನೀನು ಸೇರಿದ ಸೂತಗಿರಣಿ, ಆ ನೂಲಿನ ಗಿರಣಿಯೂ ಸಹಕಾರಿ. ನೂಲು ತೆಗೆಯುವ ರಿಂಗ್ ಖಾತೆಯಲ್ಲಿ ನಿನ್ನ ಕೆಲಸ ಪಕ್ಕಾ ಆದ ದಿನ ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ಆಡುವವರಲ್ಲೆಲ್ಲ ನೀನೇ ಎತ್ತರ. ಬಲೆಯ ಮೇಲೆ ಕೈಯೆತ್ತಿದರೆ ಎದುರಿನವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಅಂಥವನು ಒಂದು ಚಳಿಗಾಲದ ಮುಂಜಾನೆ ಹಾಸಿಗೆಯಿಂದ ಏಳಲಾಗದೆ, ಮಗ್ಗುಲಿಗೆ ಹೊರಳಿ, ಕಂಬ ಹಿಡಿದು ಎದ್ದು ನಿಂತೆ. ಮುದುಕನ ಹಾಗೆ ಮಾಡುತ್ತೀಯೆಂದು ನಾವೆಲ್ಲ ನಕ್ಕೆವು. ನೀನೂ ನಕ್ಕೆ. ಗಿರಣಿಯಲ್ಲಿ ಸ್ವಲ್ಪ ಓಡಾಡಿದರೆ ಸಡಿಲವಾಗುತ್ತದೆ ಎಂದೆ. ಆಗುತ್ತಲೂ ಇತ್ತು. ಮರುದಿನ ಮುಂಜಾನೆ ಮತ್ತೆ ಅದೇ.

ನಿನ್ನ ಪ್ಲಾಸ್ಟರಿನ ಹಸಿ ಸುಣ್ಣದಂಥ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಸಾಂಗಲಿಯಲ್ಲಿ ನಿನ್ನನ್ನು ಮೊದಲು ನೋಡಿದ ಡಾಕ್ಟರು ಬೆನ್ನೆಲುಬಿಗೆ ಕ್ಷಯ ಹತ್ತಿದೆ ಅಂದರು. ಅವರನ್ನು ನಾನು ಬೈಯಲಾರೆ. ಆಗ ಗಿರಣಿ ಓಣಿಯಲ್ಲಿ ಕೆಮ್ಮದ ಮನೆ ಯಾವುದಿತ್ತು? ಬೆನ್ನು ನೋವು ಅಂದರೂ ಮೊದಲು ಕ್ಷಯವೇ ನೆನಪಾಗುವ ಕಾಲ. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಅಲುಗಾಡಬಾರದು ಎಂದು ಹೇಳಿದರು. ಆ ಬೇಸಿಗೆಯಿಡೀ ನೀನು ಅಲುಗಾಡಲಿಲ್ಲ. ಒಳಗೆ ಬೆವರಿ ತುರಿಸಿದಾಗ ನಾನು ಬೀಸಣಿಗೆಯ ಕಡ್ಡಿ ತೂರಿಸಿ ಕೆರೆಯುತ್ತಿದ್ದೆ. ಇಚಲಕರಂಜಿಯಲ್ಲಿ ನಿನಗೆ ಗೊತ್ತುಮಾಡಿದ್ದ ಹುಡುಗಿಯ ಮನೆಯವರು ಬಂದು, ಚಹಾ ಕುಡಿದು, ನಿನ್ನನ್ನು ಬಾಗಿಲಲ್ಲೇ ನಿಂತು ನೋಡಿ ಹೋದರು. ಮತ್ತೆ ಬರಲಿಲ್ಲ. ನೀನು ಮಗ್ಗುಲಾಗಲೂ ಬಾರದೆ ತಗಡಿನ ಚಾವಣಿಯನ್ನೇ ನೋಡುತ್ತ ಮಲಗಿದ್ದೆ. ಪ್ಲಾಸ್ಟರ್ ಒಡೆದು ತೆಗೆದಾಗ ನೋವು ಕಡಿಮೆಯಾಗಿತ್ತು, ಬೆನ್ನು ಮಾತ್ರ ಹಲಗೆಯಷ್ಟೇ ಗಟ್ಟಿಯಾಗಿತ್ತು. ಅದನ್ನೇ ನಾವು ವಾಸಿಯಾಯಿತು ಅಂದುಕೊಂಡೆವಲ್ಲ!

ಮಿರಜದ ಡಾಕ್ಟರರ ಸುದ್ದಿ ಮನೆಗೆ ಬಂದ ದಿನ ಅವ್ವ ನಮ್ಮನ್ನು ನಗಿಸಿದ್ದಳು. ಗಿರಣಿಯ ಜೊತೆಗಾರನೊಬ್ಬ ಬಂದು, ಮಿರಜದ ದೊಡ್ಡ ದವಾಖಾನೆಯಲ್ಲಿ ‘ಹಾಡಾಚೆ ಡಾಕ್ಟರ್’ ಒಬ್ಬರು ಬಂದಿದ್ದಾರೆ, ಬೆನ್ನು ಬಿಗಿದ ಹುಡುಗರನ್ನೆಲ್ಲ ಹುಡುಕಿ, ಪರೀಕ್ಷಿಸಿ, ಆ ರೋಗದ ಅಭ್ಯಾಸ ಮಾಡುತ್ತಿದ್ದಾರೆ, ಸಂಶೋಧನೆಯಂತೆ ಅಂದ. ಮರಾಠಿಯಲ್ಲಿ ಹಾಡ ಅಂದರೆ ಎಲುಬು ಎಂದು ಅವ್ವನಿಗೆ ಇನ್ನೂ ತಿಳಿಯದ ದಿನಗಳು. “ಹಾಡಿನ ಡಾಕ್ಟರು ಬೆನ್ನ ಯಾಕ ನೋಡತಾನಪಾ?” ಎಂದು ಗಾಬರಿಯಿಂದ ಕೇಳಿದಳು. ನೀನು ನಗಲು ಹೋಗಿ ಪಕ್ಕೆ ಹಿಡಿದುಕೊಂಡೆ. ಆಗಲೇ ಜೋರಾಗಿ ನಗುವಷ್ಟು ಎದೆ ಹಿಗ್ಗುತ್ತಿರಲಿಲ್ಲ ನಿನಗೆ. ನಮಗದು ಗೊತ್ತಾಗಿರಲಿಲ್ಲ, ಅಷ್ಟೇ.

ಆ ದವಾಖಾನೆಯ ಮೊದಲನೆಯ ದಿನ ನಾನೂ ನಿನ್ನ ಜೊತೆಗಿದ್ದೆ. ಡಾಕ್ಟರಿಗೆ ನಿನಗಿಂತ ಹೆಚ್ಚೇನೂ ವಯಸ್ಸಿರಲಿಲ್ಲ. ಸರಿಯಾಗಿ ನಿದ್ದೆಯಿಲ್ಲದ ಮುಖ. ಎದೆಗೆ ಟೇಪು ಸುತ್ತಿ ಉಸಿರು ಎಳೆಯಲು ಹೇಳಿದರು. ಆಮೇಲೆ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯನ್ನು ಗೋಡೆಗೆ ಮುಟ್ಟಿಸು ಅಂದರು. ನೀನು ಮುಟ್ಟಿಸಲು ಹೋದೆ. ಆಗಲಿಲ್ಲ. ಇನ್ನೊಮ್ಮೆ ಹೋದೆ. ತಲೆಗೂ ಗೋಡೆಗೂ ನಡುವೆ ಅವರ ಅಂಗೈ ಸಲೀಸಾಗಿ ಹಿಡಿಸಿತು. ಎಕ್ಸ್-ರೇ ನೋಡಿದ ಮೇಲೆ ಕೂಡಿಸಿ ನಿಧಾನವಾಗಿ ಮರಾಠಿಯಲ್ಲಿ ತಿಳಿಸಿದರು. ಇದು ಕ್ಷಯವಲ್ಲ, ಕೀಲುಗಳ ಒಳಗಿನ ಉರಿ. ಸೊಂಟದ ಹಿಂದಿನ ಕೀಲಿನಿಂದ ಶುರುವಾಗಿ ಮೇಲಕ್ಕೆ ಏರುತ್ತದೆ, ಬಿಡಿಬಿಡಿಯಾಗಿರುವ ಎಲುಬಿನ ಮಣಿಗಳು ಒಂದಕ್ಕೊಂದು ಕೂಡಿಕೊಂಡು ಬಿದಿರಿನ ಗಳದಂತೆ ಒಂದೇ ಆಗುತ್ತವೆ. ಪೂರ್ತಿ ವಾಸಿ ಮಾಡುವ ಔಷಧವಿಲ್ಲ, ಗುಳಿಗೆ ಮತ್ತು ವ್ಯಾಯಾಮದಿಂದ ತಡೆಯಬಹುದು ಎಂದರು. ಮಲಗಿಸಿ ಇಡುವುದು ಮಾತ್ರ ಇದಕ್ಕೆ ಸಲ್ಲದು ಅಂದಾಗ ನೀನು ಅಂಗಿಯ ಗುಂಡಿ ಹಾಕಿಕೊಂಡು ಎದ್ದೆ. ಹೊರಗಿನ ಬಾಕಿನ ಮೇಲೆ ಕೂತು ನನಗೆ ಹೇಳಿದ್ದು ಒಂದೇ ಮಾತು. “ಅವ್ವಗ ಹೇಳಬ್ಯಾಡ. ಪ್ಲಾಸ್ಟರದ ಮುಂದ ದಿನಾ ಊದಿನಕಡ್ಡಿ ಹಚ್ಚತಿದ್ದಳು ಆಕಿ.”

ನನ್ನ ನೋವಿನ ಸುದ್ದಿ ನಿನಗೆ ತಿಳಿದ ಬೆಳಗು ಈಗಲೂ ನೆನಪಿದೆ. ನಾನು ತವರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ, ಎರಡನೆಯ ಹೆರಿಗೆಯ ನಂತರ ಶುರುವಾದದ್ದು. ಬಾಣಂತನದಲ್ಲಿ ಸರಿಯಾಗಿ ಕಾಸಿಕೊಳ್ಳಲಿಲ್ಲ, ಅದಕ್ಕೇ ಸೊಂಟ ಎಂದು ಅತ್ತೆ. ರಕ್ತ ಕಡಿಮೆ ಎಂದು ಓಣಿಯ ಡಾಕ್ಟರು. ಸಾಂಗಲಿಯ ಪೇಟೆಯಲ್ಲಿ ದಿನವಿಡೀ ಕೂತು ಅರಿಶಿಣ ಆರಿಸುವವಳಿಗೆ ಬೆನ್ನು ನೋಯದೆ ಇನ್ನೇನು ಎಂದು ಜೊತೆಯವರು. ಎಲ್ಲರ ಮಾತೂ ನಿಜವಿರಬಹುದು ಅನ್ನಿಸುತ್ತಿತ್ತು. ಆದರೆ ಪೇಟೆಗೆ ನಡೆದು ಹೋದ ಮೇಲೆ ನೋವು ಇಳಿಯುತ್ತಿತ್ತು, ಬೆಳಗಿನ ಹಾಸಿಗೆಯಲ್ಲೇ ಪ್ರಾಣ ಹೋಗುತ್ತಿತ್ತು. ಸೊಸೆಗೆ ಮನೆಗೆಲಸದ ಹೊತ್ತಿಗೆ ಸೊಂಟ ಹಿಡಿಯುತ್ತದೆ, ಪೇಟೆಗೆ ಹೊರಟರೆ ಬಿಡುತ್ತದೆ ಎಂದು ಅತ್ತೆ ನೆರೆಯವರ ಮುಂದೆ ಆಡುತ್ತಿದ್ದರು. ಅಡಿಗಡಿಗೆ ಕೇಳಿದರೆ ಯಾರಿಗಾದರೂ ತಾನು ನಾಟಕ ಮಾಡುತ್ತಿರಬಹುದೇ ಎಂಬ ಅನುಮಾನ ಬಾರದೇ? ನನಗೂ ಬಂತು. ಒಂದು ಬೆಳಿಗ್ಗೆ ನೀನು ನಮ್ಮ ಮನೆಗೆ ಹಾಲು ಕೊಡಲು ಬಂದಾಗ ನಾನು ಹಾಸಿಗೆಯಿಂದ ಏಳುತ್ತಿದ್ದೆ. ಮಗ್ಗುಲಿಗೆ ಹೊರಳಿದೆ, ಮೊಣಕೈ ಊರಿದೆ, ಬಾಗಿಲ ಚೌಕಟ್ಟು ಹಿಡಿದೆ. ತಲೆಯೆತ್ತಿದರೆ ನೀನು ಹಾಲಿನ ತಂಬಿಗೆ ಹಿಡಿದು ಅಲುಗಾಡದೆ ನಿಂತಿದ್ದೆ.

“ಇದು ಯಾವಾಗಿಂದ ನಡದೈತಿ?” ಎಂದು ನೀನು ಕೇಳಿದೆ.

ಬಾಣಂತನದ್ದು, ಹೋಗುತ್ತದೆ ಎಂದೆ ನಾನು.

“ಹೋಗೂದಿಲ್ಲ ಅದು. ನನಗ ಗೊತ್ತೈತಿ.”

ನೀನು ನನ್ನನ್ನು ಮಿರಜಕ್ಕೆ ಕರೆದುಕೊಂಡು ಹೋದ ದಿನ ಬಸ್ಸಿನಲ್ಲಿ ಕೂಡಲು ಜಾಗವಿರಲಿಲ್ಲ. ಇಬ್ಬರೂ ಸರಳು ಹಿಡಿದು ನಿಂತೇ ಹೋದೆವು. ಡಾಕ್ಟರು ನನ್ನ ಮಾತು ಕೇಳಿದರು, ನಾಲಗೆ ನೋಡಿದರು, ಇದು ಗಂಡಸರ ಕಾಯಿಲೆ ಎಂದರು. ಪುಸ್ತಕದಲ್ಲೂ ಹಾಗೆಯೇ ಇದೆ, ತಮ್ಮ ಅಭ್ಯಾಸದಲ್ಲಿ ಹೆಂಗಸರನ್ನು ತೆಗೆದುಕೊಂಡಿಲ್ಲ, ಮಕ್ಕಳಾಗುವ ವಯಸ್ಸಿನ ಹೆಣ್ಣಿಗೆ ಸೊಂಟದ ಎಕ್ಸ್-ರೇ ಸುಮ್ಮನೆ ತೆಗೆಯುವುದೂ ಸರಿಯಲ್ಲ ಎಂದರು. ಒರಟಾಗಿ ಹೇಳಲಿಲ್ಲ. ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ನೀನು ಏಳಲಿಲ್ಲ. ಮರಾಠಿ ಮರೆತು ಕನ್ನಡದಲ್ಲೇ ಅಂದುಬಿಟ್ಟೆ: “ಆಕಿ ನನ್ನ ತಂಗಿ ಅದಾಳ್ರಿ. ಒಂದ ಹೊಟ್ಟಿಯಾಗ ಹುಟ್ಟೇವಿ.” ಅವರಿಗೆ ಅರ್ಥವಾಯಿತೋ ಇಲ್ಲವೋ, ಹೊರಗೆ ಸಾಲಿನಲ್ಲಿದ್ದ ಮುಂದಿನವರನ್ನು ಕರೆದರು. ಬರುವಾಗ ನಾನು, ಬಿಡು ಅಣ್ಣಾ, ಸಾಕು ಎಂದೆ. ನನಗೆ ನಿಜವಾಗಿ ಸಾಕಾಗಿತ್ತು. ನೋವಿಗಿಂತ ಅದನ್ನು ಒಬ್ಬೊಬ್ಬರಿಗೂ ಹೇಳಿ ನಂಬಿಸುವ ಕೆಲಸವೇ ಹೆಚ್ಚು ದಣಿಸುತ್ತದೆ. ನೀನು ಗುಳಿಗೆಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ನಿನ್ನ ಕುತ್ತಿಗೆ ಬಾಗಿದ ವರ್ಷಗಳನ್ನು ನೆನೆಸಿಕೊಳ್ಳುವುದು ಕಷ್ಟ. ಗಿರಣಿಯಲ್ಲಿ ನಿನ್ನನ್ನು ರಿಂಗ್ ಖಾತೆಯಿಂದ ತೆಗೆದು ಕೂತು ಮಾಡುವ ಕೆಲಸಕ್ಕೆ ಹಾಕಿದರು. ಎದುರು ಬಂದವರ ಮುಖ ನೋಡಬೇಕಾದರೆ ಮೊಣಕಾಲು ಬಗ್ಗಿಸಿ ಹಿಂದಕ್ಕೆ ವಾಲುತ್ತಿದ್ದೆ. ಡಾಕ್ಟರು ವಿದ್ಯಾರ್ಥಿಗಳಿಗೆ ತೋರಿಸಲು ನಿನ್ನನ್ನು ಆಗಾಗ ಕರೆಸುತ್ತಿದ್ದರು. ನೀನು ರಜೆ ಹಾಕಿ ಹೋಗುತ್ತಿದ್ದೆ. ಒಮ್ಮೆ ನಾನು ಬಾಗಿಲಿನಿಂದ ನೋಡಿದೆ. ನೀನು ಅಂಗಿ ಬಿಚ್ಚಿ, ಗೋಡೆಗೆ ನಿಂತು, ನೆಲ ನೋಡುತ್ತಿದ್ದೆ. ಹುಡುಗ ಹುಡುಗಿಯರು ಸಾಲಾಗಿ ಬಂದು ನಿನ್ನ ಬೆನ್ನು ಮುಟ್ಟಿ ನೋಡುತ್ತಿದ್ದರು, ಇಂಗ್ಲಿಷಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನನಗೆ ಕೋಪ ಬಂತು. ಯಾಕೆ ಹೋಗುತ್ತೀಯ, ನೀನೇನು ಪ್ರದರ್ಶನದ ವಸ್ತುವೇ ಎಂದು ಮನೆಗೆ ಬಂದು ಜಗಳ ಮಾಡಿದೆ. ಅವರು ಕಲಿಯಬೇಕಲ್ಲ ಎಂದಷ್ಟೇ ಹೇಳಿ ಮಾತು ತಿರುಗಿಸಿದೆ. ಅದರ ಹಿಂದೆ ಇನ್ನೊಂದು ಮಾತಿತ್ತೆಂದು ನೀನು ಬದುಕಿರುವವರೆಗೂ ನನಗೆ ತಿಳಿಯಗೊಡಲಿಲ್ಲ.

ನೀನು ಬಿದ್ದ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಬಚ್ಚಲಿನ ಕಲ್ಲು ಒದ್ದೆಯಾಗಿತ್ತು. ಬೇರೆ ಯಾರಾದರೂ ಜಾರಿದ್ದರೆ ಮೊಣಕಾಲು ತರಚುತ್ತಿತ್ತು, ಎದ್ದು ಬೈದುಕೊಂಡು ಹೋಗುತ್ತಿದ್ದರು. ನಿನ್ನ ಕುತ್ತಿಗೆ ಮುರಿಯಿತು. ಕೂಡಿಕೊಂಡ ಎಲುಬು ಬಾಗುವುದಿಲ್ಲ, ಮುರಿಯುತ್ತದೆ ಎಂದು ಆಮೇಲೆ ಹೇಳಿದರು. ಮಿರಜದಲ್ಲಿ ನೀನು ಕೆಲವು ದಿನ ಇದ್ದೆ. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟಿದ್ದರು. ಕೈಕಾಲು ಆಡುತ್ತಿರಲಿಲ್ಲ. ಆಮೇಲೆ ಎದೆಯಲ್ಲಿ ಕಫ ತುಂಬಿತು. ಕೊನೆಗೆ ನನ್ನೊಡನೆ ಆಡಿದ ಮಾತೂ ನನ್ನ ಬೆನ್ನಿನದೇ. “ರಾತ್ರಿ ದಿಂಬ ತಗದ ಮಲಗು. ಬೆನ್ನ ಬಾಗಾಕ ಬಿಡಬ್ಯಾಡ.” ನಾನು ಹೂಂ ಅಂದೆ. ಅವ್ವ ಕಾಲ ಬಳಿ ಕೂತು, ಏನೂ ತಿಳಿಯದ ನಿನ್ನ ಪಾದಗಳನ್ನು ಒತ್ತುತ್ತಲೇ ಇದ್ದಳು.

ಡಾಕ್ಟರು ಅವ್ವನ ಮನೆಗೆ ಬಂದದ್ದು ನಿನ್ನ ದಿನಕರ್ಮ ಎಲ್ಲ ಮುಗಿದ ಮೇಲೆ, ಒಂದು ರವಿವಾರ. ಸ್ಕೂಟರಿನಿಂದ ಇಳಿದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವ್ವನ ಮುಂದೆ ನೆಲದ ಮೇಲೆಯೇ ಕೂತರು. ಚಹಾ ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, ನೀನು ನನಗೆ ಹೇಳದೆ ಇಟ್ಟಿದ್ದನ್ನು ಹೇಳಿದರು. ಮಿರಜದಲ್ಲಿ ಎಲುಬಿನ ಡಾಕ್ಟರುಗಳ ಸಭೆ ನಡೆದಿತ್ತಂತೆ. ಪುಣೆ ಮುಂಬಯಿಯಿಂದ ದೊಡ್ಡವರೆಲ್ಲ ಬಂದಿದ್ದರಂತೆ. ತಮ್ಮ ಅಭ್ಯಾಸವನ್ನು ಅವರ ಮುಂದೆ ಓದಿ, ಕೊನೆಗೆ ನಿನ್ನನ್ನು ವೇದಿಕೆಗೆ ಕರೆದರಂತೆ. ನೀನು ಬಂದು ನಿಂತೆ, ಅಂಗಿ ಮಾತ್ರ ಬಿಚ್ಚಲಿಲ್ಲ. ಮರಾಠಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ನನ್ನ ಬೆನ್ನು ಎಷ್ಟು ಸಲ ಬೇಕಾದರೂ ನೋಡಿ, ಬೇಡ ಅನ್ನುವುದಿಲ್ಲ, ಆದರೆ ನನ್ನಂಥವನ ತಂಗಿಯ ಬೆನ್ನನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ ಎಂದು ಕೇಳಿದೆಯಂತೆ. ಆಮೇಲೆ ಮುಂಬಯಿಯ ಒಬ್ಬರು ಎದ್ದು, ಈ ರೋಗಿಗಳ ಅಣ್ಣತಮ್ಮಂದಿರನ್ನು ಪರೀಕ್ಷಿಸಿದ್ದೀರೆಂದು ಓದಿದಿರಿ, ಅಕ್ಕತಂಗಿಯರನ್ನು ಯಾಕೆ ಬಿಟ್ಟಿರಿ ಎಂದು ಇವರನ್ನೇ ಕೇಳಿದರಂತೆ. “ನಾನು ಕಾಗದ ಮಡಚಿಕೊಂಡು ವೇದಿಕೆ ಇಳಿದೆ” ಅಂದರು ಡಾಕ್ಟರು. ನಿನ್ನನ್ನು ಕರೆಸಿದಾಗಲೆಲ್ಲ ನೀನು ನನ್ನ ಮಾತು ತೆಗೆಯದೆ ಹೋಗುತ್ತಿರಲಿಲ್ಲವಂತೆ. ಅಷ್ಟು ಸಲ ಗೋಡೆಗೆ ನಿಂತದ್ದು ಅದಕ್ಕೇ ಏನು, ಅಣ್ಣಾ? ಸಭೆಯಾದ ಮೇಲೆ ನನ್ನನ್ನು ಕರೆಸಬೇಕೆಂದು ಅವರು ಅಂದುಕೊಳ್ಳುವಷ್ಟರಲ್ಲಿ ನೀನು...

ಅತ್ತೆ ನನ್ನನ್ನು ಕಳಿಸಲು ಒಪ್ಪಲಿಲ್ಲ. ಸತ್ತವನ ರೋಗವನ್ನು ಈ ಮನೆಯ ಸೊಸೆಗೆ ಯಾಕೆ ಹಚ್ಚುತ್ತೀರಿ, ನಾಳೆ ಮೊಮ್ಮಗಳಿಗೆ ಗಂಡು ಸಿಗಬೇಡವೇ ಎಂದು ಕೇಳಿದರು. ಅವರ ಭಯ ಸುಳ್ಳಲ್ಲ. ನಮ್ಮ ಯಜಮಾನರು ಎಂದೂ ತಾಯಿಗೆ ಎದುರಾಡಿದವರಲ್ಲ, ನಿನಗೆ ಗೊತ್ತು. ಆ ದಿನ ಕೆಲಸಕ್ಕೆ ಹೊರಟು ನಿಂತಿದ್ದವರು ಊಟದ ಡಬ್ಬಿ ಕೆಳಗಿಟ್ಟು, “ನಾ ಕರ್ಕೊಂಡ ಹೊಂಟೇನಿ ಈಕಿನ್ನ” ಅಂದರು. ಅಷ್ಟೇ. ಮಿರಜದಲ್ಲಿ ಡಾಕ್ಟರು ಈ ಸಲ ಎಲ್ಲವನ್ನೂ ಮೊದಲಿನಿಂದ ಕೇಳಿದರು. ಎಂದಾದರೂ ಒಂದೇ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಷ್ಟು ನೋಯುತ್ತಿತ್ತೇ ಎಂದರು. ಹೌದು, ಅರಿಶಿಣದ ಧೂಳು ಹೊಕ್ಕಿರಬೇಕೆಂದು ಸುಮ್ಮನಿದ್ದೆ ಎಂದೆ. ಪೆನ್ನು ಕೆಳಗಿಟ್ಟರು. ಇದೂ ಅದರದ್ದೇ ಗುರುತು ಎಂದರು. ಬಸುರಿಲ್ಲವೆಂದು ಖಾತ್ರಿ ಮಾಡಿಕೊಂಡು ಎಕ್ಸ್-ರೇ ತೆಗೆಸಿದರು.

ಆ ಬೆಳಕಿನ ಪೆಟ್ಟಿಗೆಯ ಮೇಲೆ ಎರಡು ಎಕ್ಸ್-ರೇ ಪಕ್ಕಪಕ್ಕ ಇಟ್ಟರು. ಒಂದು ನಿನ್ನದು, ನೀನು ಮೊದಲ ಸಲ ಹೋದಾಗ ತೆಗೆದದ್ದು. ಇನ್ನೊಂದು ನನ್ನದು. ಸೊಂಟದ ಹಿಂದಿನ ಕೀಲುಗಳನ್ನು ಬೆರಳಿನಿಂದ ತೋರಿಸಿದರು. ನಿನ್ನದರಲ್ಲಿ ಹೇಗೆ ಅಂಚು ಮಸುಕಾಗಿತ್ತೋ ನನ್ನದರಲ್ಲೂ ಹಾಗೇ. ಮೇಲಿನ ಬೆನ್ನು ಇನ್ನೂ ಬಿಡಿಬಿಡಿಯಾಗಿದೆ, ತಡವಾಗಿಲ್ಲ ಎಂದರು. ನಮ್ಮಿಬ್ಬರದೇ ಆದ ಒಂದು ಫೋಟೋ ಮನೆಯಲ್ಲಿ ಇಲ್ಲ, ಅಣ್ಣಾ. ಇದೊಂದೇ. ನಾನು ಅತ್ತುಬಿಟ್ಟೆ. ರೋಗ ಬಂತೆಂದು ಹೆದರಿ ಅತ್ತಳು ಎಂದುಕೊಂಡು ನಮ್ಮ ಯಜಮಾನರು ನೀರು ತರಲು ಓಡಿದರು. ಹೆದರಿಕೆಯಲ್ಲ ಅದು. ಇಷ್ಟು ವರ್ಷ ಬೆಳಿಗ್ಗೆ ಎದ್ದಾಗಲೆಲ್ಲ ನಾನು ಸುಳ್ಳು ಹೇಳುತ್ತಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತಿತ್ತು. ಇನ್ನು ಅದೊಂದು ಕೆಲಸ ಕಡಿಮೆಯಾಯಿತು.

ಈಗ ಏನು ನಡೆದಿದೆ ಎಂದು ನಿನಗೆ ತಿಳಿಯಲಿ ಎಂದೇ ಇಷ್ಟೆಲ್ಲ ಬರೆದದ್ದು. ಡಾಕ್ಟರು ನಮ್ಮಿಬ್ಬರ ವಿಷಯವನ್ನು ತಮ್ಮ ವೈದ್ಯರ ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಹೆಸರಿಲ್ಲ, ಗಿರಣಿ ಕೆಲಸಗಾರನೊಬ್ಬ ಮತ್ತು ಅವನ ತಂಗಿ ಎಂದಷ್ಟೇ ಇದೆಯಂತೆ. ನಿನ್ನ ಹೆಸರು ಹಾಕಬಾರದಿತ್ತೇ ಎಂದು ಕೇಳಿದೆ. ರೋಗಿಯ ಹೆಸರು ಹಾಕುವ ಪದ್ಧತಿಯಿಲ್ಲ ಎಂದರು. ಆಮೇಲೆ ಅವರ ಅಭ್ಯಾಸದಲ್ಲಿದ್ದ ಹುಡುಗರ ಅಕ್ಕತಂಗಿಯರಿಗೆಲ್ಲ ಹೇಳಿಕಳಿಸಿದರು. ಕೆಲವರು ಬಂದರು. ಹಲವರನ್ನು ಗಂಡನ ಮನೆಯವರು ಕಳಿಸಲಿಲ್ಲ. ಅಥಣಿ, ಜತ್ತದ ಕಡೆಯ ಹೆಣ್ಣುಮಕ್ಕಳಿಗೆ ಮರಾಠಿ ಡಾಕ್ಟರರ ಮುಂದೆ ಬಾಯಿ ಬರುವುದಿಲ್ಲವೆಂದು ನನ್ನನ್ನು ಕೂಡಿಸಿಕೊಳ್ಳುತ್ತಾರೆ. ಪೇಟೆಯ ಕೆಲಸ ತಪ್ಪಿಸಿ ಹೋಗುತ್ತೇನೆ. ಎಲ್ಲರಿಗೂ ಇದೇ ರೋಗವಿರುವುದಿಲ್ಲ; ಹೆಚ್ಚಿನವರದು ಕೆಲಸದ ನೋವು, ಅದಕ್ಕೆ ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ. ಅವರ ಕತೆಯನ್ನೂ ಕೇಳಬೇಕು. ಕೇಳಿ ಕೇಳಿ ಸಂಜೆಯ ಹೊತ್ತಿಗೆ ನನಗೆ ನನ್ನ ಬೆನ್ನು ಯಾವುದು, ಅವರದು ಯಾವುದು ಎಂದು...

ಇವತ್ತು ಕವಲಾಪುರದ ಹುಡುಗಿಯೊಬ್ಬಳು ಬಂದಿದ್ದಳು. ಮದುವೆಯಾಗಿ ವರ್ಷವೂ ಆಗಿಲ್ಲ. ಅವಳ ಅಣ್ಣ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ, ಅವನೂ ಬೆನ್ನು ಬಿಗಿದವನೇ. ಜೊತೆಗೆ ಬಂದಿದ್ದ ಅವಳ ಅತ್ತೆ, ದ್ರಾಕ್ಷಿ ತೋಟದ ಕೆಲಸವಿದ್ದಾಗ ದವಾಖಾನೆಯ ಹುಚ್ಚು ಎಂದು ದಾರಿಯುದ್ದಕ್ಕೂ ಗೊಣಗಿದ್ದರಂತೆ. ಹುಡುಗಿ ಡಾಕ್ಟರು ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದಳೇ ಹೊರತು ಮಾತಾಡಲಿಲ್ಲ. ಅತ್ತೆ ಚೀಟಿ ಮಾಡಿಸಲು ಹೊರಗೆ ಹೋದಾಗ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು.

“ಅಕ್ಕಾರ, ಎಕ್ಸ್-ರೇದಾಗ ಏನೂ ಬರಲಿಲ್ಲಂದ್ರ ನಾ ಸುಳ್ಳ ಹೇಳಿದಂಗ ಆಗತೈತೇನ್ರಿ?”

“ಇಲ್ಲವಾ. ನಿನ್ನ ನೋವ ನಾ ನಂಬೇನಿ,” ಎಂದೆ.

ಅಷ್ಟರಲ್ಲಿ ಅತ್ತೆ ಬಂದು, ಎಕ್ಸ್-ರೇಗೆ ಸೋಮವಾರ ಬರಬೇಕಂತೆ, ತಮ್ಮಿಂದಾಗದು, ತೋಟ ಬಿಟ್ಟು ಎರಡನೆಯ ಸಲ ಯಾರು ಬರುತ್ತಾರೆ ಎಂದು ಅವಳನ್ನು ಎಬ್ಬಿಸಿಕೊಂಡು ಹೊರಟರು. ಹುಡುಗಿ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ನಾನು ಅವರ ಹಿಂದೆಯೇ ಹೋಗಿ, ಅವರ ಮನೆ ಕವಲಾಪುರದಲ್ಲಿ ಎಲ್ಲಿ ಎಂದು ಕೇಳಿದೆ. ಯಾಕೆ ಎಂದರು ಆಕೆ. ನಿಮಗೆ ತೋಟದ ಕೆಲಸವಿದ್ದರೆ ಇರಲಿ, ನಾನೇ ಬಂದು ಕರೆದುಕೊಂಡು ಹೋಗಿ ಸಂಜೆಗೆ ತಂದು ಬಿಡುತ್ತೇನೆ ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಮಾರುತಿ ಗುಡಿಯ ಹಿಂದಿನ ಮನೆ ಎಂದು ಮಾತ್ರ ಹೇಳಿದರು.

ಸೋಮವಾರ ಹೋಗುತ್ತೇನೆ, ಅಣ್ಣಾ. ಆ ಬೆಳಿಗ್ಗೆ ನನ್ನ ಬೆನ್ನು ಹೇಗಿರುತ್ತದೋ ಗೊತ್ತಿಲ್ಲ. ಮೊದಲ ಬಸ್ಸು ತಪ್ಪಿದರೆ ಅದರ ಮುಂದಿನದಕ್ಕೆ ಹೋಗುತ್ತೇನೆ. ಅವಳನ್ನು ಕರೆದುಕೊಂಡೇ ಬರುತ್ತೇನೆ.

ನಿನ್ನ ತಂಗಿ